ಅಪ್ಪ ನಿದ್ದೆಯಲ್ಲಿ ಬ್ರೇಕ್ ಒತ್ತುತ್ತಿದ್ದರು

ಕಳೆದ ವರ್ಷ ಗೌರಿ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇತ್ತು. ಭಾನುವಾರ ಬೆಳಿಗ್ಗೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅಮ್ಮ ಯಾವತ್ತೂ ಫೋನನ್ನು ಮುಖಕ್ಕೆ ನೇರವಾಗಿ ಹಿಡಿಯೋದಿಲ್ಲ, ಅರ್ಧ ಹಣೆ ಮತ್ತು ತಲೆ ಮೇಲಿನ ಫ್ಯಾನು ಮಾತ್ರ ಕಾಣುತ್ತೆ. ಅವತ್ತು ಗೊತ್ತಿಲ್ಲದೆ ಸರಿಯಾಗಿ ಹಿಡಿದುಬಿಟ್ಟಿದ್ದಳು. ಎಡಗಣ್ಣಿನ ಕೆಳಗೆ ನೇರಳೆ ಬಣ್ಣಕ್ಕೆ ತಿರುಗಿದ ಗುರುತು.

“ಏನಮ್ಮ ಅದು?”

“ಏನೂ ಇಲ್ಲ ಕಣೇ. ಬಚ್ಚಲ ಬಾಗಿಲು ಬಡೀತು.”

ನಮ್ಮನೆ ಬಚ್ಚಲ ಬಾಗಿಲು ಒಳಗಡೆಗೆ ತಳ್ಳೋ ಬಾಗಿಲು. ಅದು ಯಾರ ಮುಖಕ್ಕೂ ಬಂದು ಬಡಿಯೋದಿಲ್ಲ. ನನಗೂ ಗೊತ್ತು, ಅಮ್ಮನಿಗೂ ಗೊತ್ತು. ಇಬ್ಬರೂ ಸುಮ್ಮನಾದೆವು.

ಫೋನ್ ಇಟ್ಟ ಮೇಲೆ ಅಣ್ಣನಿಗೆ ಮೆಸೇಜ್ ಹಾಕಿದೆ. “ಅಪ್ಪ ಕುಡಿಯೋಕೆ ಶುರು ಮಾಡಿದ್ದಾರಾ?” ಅಂತ ಅವನು ವಾಪಸ್ ಕೇಳಿದ. ಅದೇ ಅನುಮಾನ ನನಗೂ ಬಂದಿತ್ತು. ಅವನು ಟೈಪ್ ಮಾಡಿದ, ನಾನು ಮಾಡಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ ಓಡಿಸಿ ರಿಟೈರ್ ಆದವರು. ಸಕಲೇಶಪುರದಿಂದ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗೋ ರೂಟ್‌ನಲ್ಲೇ ಹೆಚ್ಚು. ನಮ್ಮಿಬ್ಬರ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಅಂಥವರ ಬಗ್ಗೆ ಹಾಗೆ ಯೋಚಿಸಿಬಿಟ್ಟೆವಲ್ಲ ಅನ್ನೋ ಬೇಜಾರು ಈಗಲೂ ಹೋಗಿಲ್ಲ.

ನೈಟ್ ಶಿಫ್ಟ್, ರೀಲ್ಸ್ ನೋಡ್ತಾ ರಾತ್ರಿ ಎರಡಾಗೋದು, ವೀಕೆಂಡ್‌ನಲ್ಲಿ ಹನ್ನೆರಡಕ್ಕೆ ಏಳೋದು, ಇದರ ಬಗ್ಗೆಯೆಲ್ಲ ಈ ಅಂಕಣದಲ್ಲಿ ಬರೆದಿದ್ದೇನೆ. ಅದೆಲ್ಲ ನಮ್ಮ ನಿದ್ದೆಯ ಕಥೆ. ಇವತ್ತಿನದು ಊರಲ್ಲಿರೋ ಅಪ್ಪ ಅಮ್ಮಂದಿರ ನಿದ್ದೆಯದ್ದು.

ಬೆಳಗಿನ ಜಾವದ ಕೂಗು

ಹಬ್ಬಕ್ಕೆ ಊರಿಗೆ ಹೋದೆ. ರಾತ್ರಿ ಹಾಲ್‌ನಲ್ಲಿ ಮಲಗಿದ್ದೆ. ಮೂರೂವರೆ ಇರಬೇಕು, “ಹಿಡಿಯೋ! ಹಿಡಿಯೋ ಅದನ್ನ!” ಅಂತ ಅಪ್ಪ ಕಿರುಚಿದ್ದು ಕೇಳಿ ರೂಮಿಗೆ ಓಡಿದೆ.

ಅಪ್ಪ ಅಂಗಾತ ಮಲಗಿದ್ದಾರೆ. ಕಣ್ಣು ಮುಚ್ಚಿದೆ. ಬಲಗಾಲು ಮಂಚದ ಕಟ್ಟಿಗೆ ಧಡ್ ಧಡ್ ಅಂತ ಒದೀತಾ ಇದೆ. ಮುಷ್ಟಿ ಗಾಳಿಯಲ್ಲಿ ಬೀಸ್ತಾ ಇದೆ. ಅಮ್ಮ ಮಂಚದ ಮೇಲಿಲ್ಲ, ಗೋಡೆ ಪಕ್ಕ ಚಾಪೆ ಹಾಸ್ಕೊಂಡು ಕೂತಿದ್ದಾಳೆ. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ, ಅಭ್ಯಾಸ ಇತ್ತು. ಅದನ್ನ ನೋಡಿ ನನಗೆ ಗಾಬರಿ ಆಯ್ತು.

“ರೀ... ರೀ...” ಅಂತ ಅಮ್ಮ ದೂರದಿಂದಲೇ ಕರೆದಳು. ಅಪ್ಪ ತಟ್ಟನೆ ಎದ್ದರು. ಪೂರ್ತಿ ಎಚ್ಚರ. “ನೀನ್ಯಾಕೆ ಎದ್ದೆ ಪುಟ್ಟಿ?” ಅಂತ ನನ್ನನ್ನೇ ಕೇಳಿದರು. ಕನಸು ಮಾತ್ರ ಚೆನ್ನಾಗಿ ನೆನಪಿತ್ತು. ಘಾಟ್ ತಿರುವಿನಲ್ಲಿ ಕಾಡುಹಂದಿ ಅಡ್ಡ ಬಂತಂತೆ, ಬ್ರೇಕ್ ಹಿಡೀತಿರಲಿಲ್ಲವಂತೆ, ಆಮೇಲೆ ಹಂದಿ ಬಸ್ಸಿನೊಳಗೇ ನುಗ್ಗಿತಂತೆ. ಒದ್ದದ್ದು, ಕಿರುಚಿದ್ದು ಯಾವುದೂ ಅವರಿಗೆ ಗೊತ್ತಿಲ್ಲ.

ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಬಾಯಿಬಿಟ್ಟಳು. ಮೂರ್ನಾಲ್ಕು ವರ್ಷದಿಂದ ಹೀಗೇ ಅಂತೆ. ಮೊದಲು ನಿದ್ದೆಯಲ್ಲಿ ಬರೀ ಮಾತು, ಬೈಗುಳ. ಆಮೇಲೆ ಕೈಕಾಲು. ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದ್ರು ಅಂತ ಅಂತ್ರ ಕಟ್ಟಿಸಿದ್ದಳು. ಕೆಟ್ಟ ಕನಸು ಬೀಳದಿರಲಿ ಅಂತ ಅಪ್ಪನ ದಿಂಬಿನ ಕೆಳಗೆ ಅಡಕತ್ತರಿ ಇಟ್ಟಿದ್ದಳು.

“ನನಗ್ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ನಿಮ್ಮಪ್ಪ ಹೊಡೆದ್ರು ಅಂತ ಹೇಳಲಾ? ಅವರು ಹೊಡೆದಿಲ್ಲವಲ್ಲೇ.”

ಅವತ್ತೂ ಮರುದಿನವೂ ರಾತ್ರಿ ಕಾದು ಕೂತು ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ. ಆ ನಲವತ್ತು ಸೆಕೆಂಡಿನ ವಿಡಿಯೊ ಮುಂದೆ ನಾವು ಬಾಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಕನಸಿಗೂ ಮೈಗೂ ನಡುವೆ ಒಂದು ಬೀಗ

ವಿಡಿಯೊ ನೋಡಿದ ನ್ಯೂರಾಲಜಿಸ್ಟ್ ಒಂದು ಉದ್ದನೆಯ ಹೆಸರು ಹೇಳಿದರು. ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್, ಚಿಕ್ಕದಾಗಿ ಆರ್‌ಬಿಡಿ. ಕನ್ನಡದಲ್ಲಿ ಹೇಳೋದಾದರೆ ಕನಸಿನಲ್ಲಿ ಮಾಡಿದ್ದನ್ನು ಮೈಯೂ ಮಾಡಿಬಿಡೋ ಕಾಯಿಲೆ.

ನಮ್ಮ ನಿದ್ದೆ ರಾತ್ರಿಯಿಡೀ ಒಂದೇ ಥರ ಇರೋದಿಲ್ಲ. ಸುಮಾರು ಒಂದೂವರೆ ಗಂಟೆಗೊಮ್ಮೆ ಸುತ್ತು ಹೊಡೆಯುತ್ತೆ. ಪ್ರತಿ ಸುತ್ತಿನ ಕೊನೆಗೆ ಬರೋದು ರೆಮ್ ನಿದ್ದೆ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡೋ ಹೊತ್ತು ಅದು. ಕಥೆಯಂಥ ಉದ್ದನೆಯ ಕನಸುಗಳು ಬೀಳೋದು ಹೆಚ್ಚಾಗಿ ಆಗಲೇ. ಬೆಳಗಿನ ಜಾವಕ್ಕೆ ಹತ್ತಿರವಾದಷ್ಟೂ ಈ ಹೊತ್ತು ಉದ್ದವಾಗುತ್ತೆ.

ಆ ಹೊತ್ತಿನಲ್ಲಿ ಮಿದುಳು ಎಚ್ಚರದಲ್ಲಿ ಇದ್ದಷ್ಟೇ ಚುರುಕಾಗಿ ಕೆಲಸ ಮಾಡ್ತಿರುತ್ತೆ. ಕನಸಿನಲ್ಲಿ ಓಡಿದರೆ ಓಡು ಅನ್ನೋ ಆದೇಶವೂ ಹೊರಡುತ್ತೆ. ಆದರೂ ನಾವು ಮಂಚದಿಂದ ಎದ್ದು ಓಡೋದಿಲ್ಲ. ಯಾಕೆಂದರೆ ಕತ್ತಿನ ಹಿಂಭಾಗಕ್ಕೆ ಹತ್ತಿರ, ಮಿದುಳಿನ ಕಾಂಡದಲ್ಲಿರೋ ಒಂದು ಸಣ್ಣ ನರಕೋಶಗಳ ಗುಂಪು ಆ ಹೊತ್ತಿಗೆ ಮೈಗೆ ಬೀಗ ಹಾಕಿರುತ್ತೆ. ಉಸಿರಾಟದ ಸ್ನಾಯು ಮತ್ತು ಕಣ್ಣಿನ ಸ್ನಾಯು ಬಿಟ್ಟು ಉಳಿದದ್ದೆಲ್ಲ ಸಡಿಲ. ಆರ್‌ಬಿಡಿಯಲ್ಲಿ ಆ ಬೀಗ ಕೆಟ್ಟುಹೋಗಿರುತ್ತೆ. ಕನಸು ನೇರವಾಗಿ ಕೈಕಾಲಿಗೆ ಇಳಿಯುತ್ತೆ.

ಇದು ನಿದ್ದೆಯಲ್ಲಿ ನಡೆಯೋ ಕಾಯಿಲೆ ಅಲ್ಲ. ಅದು ಹೆಚ್ಚಾಗಿ ಮಕ್ಕಳಲ್ಲಿ, ರಾತ್ರಿಯ ಮೊದಲ ಭಾಗದಲ್ಲಿ, ಕಣ್ಣು ತೆರೆದೇ ಇರುವಾಗ ಆಗೋದು. ಎಬ್ಬಿಸಿದರೆ ಗೊಂದಲದಲ್ಲಿರುತ್ತಾರೆ, ಏನೂ ನೆನಪಿರೋದಿಲ್ಲ. ಆರ್‌ಬಿಡಿ ಹೆಚ್ಚಾಗಿ ಐವತ್ತು ದಾಟಿದವರಲ್ಲಿ, ರಾತ್ರಿಯ ಕೊನೆ ಭಾಗದಲ್ಲಿ. ಕಣ್ಣು ಮುಚ್ಚಿರುತ್ತೆ, ಎಬ್ಬಿಸಿದರೆ ತಕ್ಷಣ ಎಚ್ಚರ, ಕನಸು ನೆನಪು. ಆ ಕನಸುಗಳೂ ಒಂದೇ ಜಾತಿಯವು. ಯಾರೋ ಅಟ್ಟಿಸಿಕೊಂಡು ಬಂದರು, ಪ್ರಾಣಿ ಮೈಮೇಲೆ ಬಂತು, ಮನೆಯವರನ್ನು ಕಾಪಾಡಬೇಕು. ಹಗಲಲ್ಲಿ ಪರಮ ಸಾಧುವಾದವರಿಗೂ ರಾತ್ರಿ ಇಂಥದ್ದೇ ಕನಸು.

ಇದನ್ನು ಮೊದಲು ನೋಡಿದ್ದು ಬೆಕ್ಕುಗಳಲ್ಲಿ. 1960ರ ದಶಕದಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಮಿಶೆಲ್ ಜುವೆ ಅನ್ನೋ ವಿಜ್ಞಾನಿ ಬೆಕ್ಕಿನ ಮಿದುಳಿನ ಕಾಂಡದ ಆ ಭಾಗಕ್ಕೆ ಪೆಟ್ಟು ಮಾಡಿ ನೋಡಿದರು. ಬೆಕ್ಕು ಗಾಢ ನಿದ್ದೆಯಲ್ಲಿದ್ದರೂ ಎದ್ದು ನಿಂತು, ಕಾಣದ ಇಲಿಯ ಮೇಲೆ ಹಾರಿದಂತೆ ಮಾಡುತ್ತಿತ್ತು. ಮನುಷ್ಯರಲ್ಲಿ ಇದನ್ನು ಗುರುತಿಸಿ 1986ರಲ್ಲಿ ಬರೆದವರು ಅಮೆರಿಕದ ಮಿನಿಯಾಪೊಲಿಸ್‌ನ ವೈದ್ಯರಾದ ಕಾರ್ಲೊಸ್ ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್. ಅವರ ಬಳಿ ಬಂದ ಹಿರಿಯರೊಬ್ಬರು ಕನಸಿನಲ್ಲಿ ಫುಟ್‌ಬಾಲ್ ಆಡುತ್ತಾ ಎದುರಾಳಿ ಮೇಲೆ ನುಗ್ಗಿ, ನಿಜದಲ್ಲಿ ರೂಮಿನ ಬೀರುವಿಗೆ ಢಿಕ್ಕಿ ಹೊಡೆದಿದ್ದರು.

“ಸಾರು ಹಳಸಿದ್ದು ಗೊತ್ತಾಗುತ್ತಾ?”

ಡಾಕ್ಟರ್ ನಿದ್ದೆ ಬಗ್ಗೆ ಕೇಳೋದು ಮುಗಿಸಿ ಬೇರೆ ಪ್ರಶ್ನೆ ಶುರು ಮಾಡಿದಾಗ ನನಗೆ ವಿಚಿತ್ರ ಅನಿಸ್ತು. ಅಡುಗೆ ವಾಸನೆ ಗೊತ್ತಾಗುತ್ತಾ? ಮಲಬದ್ಧತೆ ಇದೆಯಾ? ಕೂತವರು ಎದ್ದಾಗ ತಲೆ ಸುತ್ತುತ್ತಾ? ಅಪ್ಪ ಎಲ್ಲದಕ್ಕೂ “ಏನಿಲ್ಲ ಸರ್” ಅಂದರು. ಅಮ್ಮ ಹಿಂದಿನಿಂದ ಹೇಳಿದಳು, “ಇಂಗಿನ ಒಗ್ಗರಣೆ ಹಾಕಿದ್ರೂ ಇವರಿಗೆ ಗೊತ್ತಾಗಲ್ಲ. ಸಾರು ಹಳಸಿದ್ರೂ ಊಟ ಮಾಡ್ಕೊಂಡು ಏಳ್ತಾರೆ. ಎರಡು ವರ್ಷ ಆಯ್ತು.”

ಡಾಕ್ಟರ್ ಪೆನ್ನು ಕೆಳಗಿಟ್ಟು, ಮೊದಲು ರಾತ್ರಿ ನಿದ್ದೆಯ ಪರೀಕ್ಷೆ ಆಗಲಿ ಅಂದರು. ತಲೆ, ಗಲ್ಲ, ಕಾಲಿಗೆಲ್ಲ ವೈರ್ ಅಂಟಿಸಿ ಒಂದು ರಾತ್ರಿ ಅಲ್ಲೇ ಮಲಗಿಸ್ತಾರೆ. ರೆಮ್ ನಿದ್ದೆಯಲ್ಲಿ ಸ್ನಾಯು ಸಡಿಲ ಆಗ್ತಾ ಇಲ್ಲ ಅನ್ನೋದು ಆ ರೆಕಾರ್ಡಿಂಗ್‌ನಲ್ಲೇ ಕಾಣುತ್ತೆ. ಈ ಪರೀಕ್ಷೆ ಯಾಕೆ ಮುಖ್ಯ ಅಂದರೆ, ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟೋ ಸ್ಲೀಪ್ ಆಪ್ನಿಯಾ ಇದ್ದವರೂ ಹೀಗೇ ಕೈಕಾಲು ಬಡಿಯಬಹುದು. ಅದಕ್ಕೆ ಚಿಕಿತ್ಸೆ ಬೇರೆ. ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳಿಂದಲೂ ಇದು ಕಾಣಿಸಿಕೊಳ್ಳಬಹುದು. ಅಪ್ಪನಿಗೆ ಇವೆರಡೂ ಇರಲಿಲ್ಲ.

ಆಮೇಲೆ ಡಾಕ್ಟರ್ ಹೇಳಿದ ಮಾತಿಗೆ ನಾನು ತಯಾರಿರಲಿಲ್ಲ. ಬೇರೆ ಕಾರಣ ಇಲ್ಲದೆ ಬರೋ ಆರ್‌ಬಿಡಿ ಎಷ್ಟೋ ಜನರಲ್ಲಿ ಮುಂದೆ ಬರೋ ಕಾಯಿಲೆಯ ಮೊದಲ ಹೆಜ್ಜೆ. ಪಾರ್ಕಿನ್ಸನ್, ಅಂದರೆ ನಮ್ಮ ಹಿರಿಯರು ಕಂಪವಾತ ಅನ್ನೋದು. ಅಥವಾ ಲೂಯಿ ಬಾಡಿ ಡಿಮೆನ್ಶಿಯಾ ಅನ್ನೋ ಮರೆವಿನ ಕಾಯಿಲೆ. ಅಪರೂಪಕ್ಕೆ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ.

ಮೂರರಲ್ಲೂ ತಪ್ಪು ಮಾಡೋದು ಒಂದೇ ಪ್ರೋಟೀನ್, ಆಲ್ಫಾ ಸೈನ್ಯೂಕ್ಲಿಯಿನ್. ಅದು ತಪ್ಪಾಗಿ ಮಡಚಿಕೊಂಡು ಮಿದುಳಿನ ಕೋಶಗಳಲ್ಲಿ ಗಂಟು ಕಟ್ಟುತ್ತೆ. ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಒಂದು ವಿಷಯ ಮುಂದಿಟ್ಟರು. ಪಾರ್ಕಿನ್ಸನ್‌ನಲ್ಲಿ ಈ ಗಂಟುಗಳು ಮೊದಲು ಕಾಣೋದು ನಡುಕ ಹುಟ್ಟಿಸೋ ಜಾಗದಲ್ಲಿ ಅಲ್ಲ. ಮಿದುಳಿನ ಕಾಂಡದ ಕೆಳಭಾಗದಲ್ಲಿ ಮತ್ತು ವಾಸನೆ ಹಿಡಿಯೋ ಭಾಗದಲ್ಲಿ. ಅಲ್ಲಿಂದ ಮೇಲೇರುತ್ತಾ ಹೋಗುತ್ತೆ. ಎಲ್ಲರಲ್ಲೂ ಇದೇ ಕ್ರಮ ಅಂತಲ್ಲ. ಆದರೂ ಕನಸಿನ ಬೀಗ ಇರೋದು ಮೇಲೇರೋ ಆ ದಾರಿಯಲ್ಲೇ. ಕೈ ನಡುಗೋಕೆ ಹತ್ತು ವರ್ಷ ಮೊದಲೇ ಬೀಗ ಕೆಡಬಹುದು, ವಾಸನೆ ಹೋಗಬಹುದು, ಹೊಟ್ಟೆ ನಿಧಾನ ಆಗಬಹುದು. ಡಾಕ್ಟರ್ ಸಾರಿನ ಬಗ್ಗೆ ಕೇಳಿದ್ದು ಅದಕ್ಕೇ.

ಎಷ್ಟು ಜನರಿಗೆ ಹೀಗಾಗುತ್ತೆ? ಶೆಂಕ್ ಮತ್ತು ಸಂಗಡಿಗರು 29 ಗಂಡಸರನ್ನು ಗಮನಿಸುತ್ತಾ ಬಂದರು. 1996ರ ವರದಿಯಲ್ಲಿ ಅವರಲ್ಲಿ 11 ಮಂದಿಗೆ ಪಾರ್ಕಿನ್ಸನ್ ಥರದ ಕಾಯಿಲೆ ಬಂದಿತ್ತು. 2013ರ ಹೊತ್ತಿಗೆ, ಸಂಪರ್ಕದಲ್ಲಿ ಉಳಿದ 26 ಮಂದಿಯಲ್ಲಿ 21 ಮಂದಿಗೆ. 2019ರಲ್ಲಿ 24 ಕೇಂದ್ರಗಳ 1,280 ರೋಗಿಗಳ ದೊಡ್ಡ ಅಧ್ಯಯನ ಬಂತು. ವರ್ಷಕ್ಕೆ ನೂರರಲ್ಲಿ ಸುಮಾರು 6 ಮಂದಿ, 12 ವರ್ಷದ ಹೊತ್ತಿಗೆ ನೂರಕ್ಕೆ 73ಕ್ಕೂ ಹೆಚ್ಚು. ಇವೆಲ್ಲ ನಿದ್ದೆಯ ಕ್ಲಿನಿಕ್‌ವರೆಗೂ ಬಂದವರ ಲೆಕ್ಕ, ಅಂದರೆ ತೊಂದರೆ ಜಾಸ್ತಿ ಇದ್ದವರದ್ದು. ಯಾರಿಗೆ ಬರುತ್ತೆ, ಯಾವಾಗ ಬರುತ್ತೆ ಅಂತ ಒಬ್ಬೊಬ್ಬರಿಗೆ ಹೇಳೋಕೆ ಈ ಲೆಕ್ಕದಿಂದ ಆಗೋದಿಲ್ಲ.

ಗೊತ್ತಾದರೆ ಏನು ಉಪಯೋಗ?

ಇದನ್ನೆಲ್ಲ ಅಪ್ಪನಿಗೆ ಹೇಳಬೇಕಾ? ಅಣ್ಣ ಬೇಡವೇ ಬೇಡ ಅಂದ. “ತಡೆಯೋಕೆ ಔಷಧಿ ಇಲ್ಲ ಅಂದ ಮೇಲೆ ಹೇಳಿ ಏನು ಮಾಡ್ತೀಯ? ದಿನಾ ಕೈ ನೋಡ್ಕೊಂಡು ಕೂರ್ತಾರೆ.” ಅವನ ಮಾತಲ್ಲಿ ಸುಳ್ಳಿಲ್ಲ. ಕಾಯಿಲೆಯನ್ನು ಮುಂಚೆಯೇ ತಡೆಯೋ ಅಥವಾ ನಿಧಾನ ಮಾಡೋ ಔಷಧಿ ಅಂತ ಸಾಬೀತಾದದ್ದು ಇನ್ನೂ ಯಾವುದೂ ಇಲ್ಲ. ಪ್ರಯೋಗಗಳು ನಡೀತಾ ಇವೆ.

ಡಾಕ್ಟರ್ ನಮ್ಮನ್ನು ಕೇಳಲಿಲ್ಲ, ನೇರ ಅಪ್ಪನನ್ನೇ ಕೇಳಿದರು. “ಮುಂದೆ ಏನಾಗಬಹುದು ಅನ್ನೋದನ್ನ ಎಷ್ಟು ತಿಳ್ಕೋಬೇಕು ಅಂತಿದ್ದೀರಿ? ಈಗಲೇ ಬೇಡ ಅಂದ್ರೂ ಪರವಾಗಿಲ್ಲ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಘಾಟಲ್ಲಿ ಮುಂದೆ ತಿರುವಿದೆ ಅಂತ ಬೋರ್ಡ್ ಹಾಕಿರೋದು ಹೆದರಿಸೋಕಲ್ಲ, ಗೇರ್ ಇಳಿಸೋಕೆ. ಹೇಳಿ ಡಾಕ್ಟ್ರೇ.”

ಎಲ್ಲರೂ ಹೀಗೇ ಹೇಳಬೇಕಿಲ್ಲ. ನಮ್ಮ ದೊಡ್ಡಪ್ಪ ಆಗಿದ್ದರೆ ಖಂಡಿತ ಬೇಡ ಅಂತಿದ್ದರು, ಅದೂ ಅವರ ಹಕ್ಕು. ಆದರೆ ಕೇಳಬೇಕಾದದ್ದು ಅವರನ್ನೇ. ಮಕ್ಕಳು ನಾವು ಅವರ ಪರವಾಗಿ ತೀರ್ಮಾನ ಮಾಡೋದಲ್ಲ ಅಂತ ಅವತ್ತು ಅನಿಸ್ತು.

ಅಮೆರಿಕದ ನಟ ಅಲನ್ ಆಲ್ಡಾ ತಾವಾಗಿಯೇ ಗೊತ್ತುಮಾಡಿಕೊಂಡವರು. ಯಾರೋ ದಾಳಿ ಮಾಡಿದಂತೆ, ತಾನು ಆಲೂಗಡ್ಡೆ ಚೀಲ ಎಸೆದಂತೆ ಅವರಿಗೆ ಕನಸಾಗಿತ್ತು. ನಿಜದಲ್ಲಿ ಎಸೆದದ್ದು ದಿಂಬು, ಬಿದ್ದದ್ದು ಹೆಂಡತಿ ಮೇಲೆ. ಪತ್ರಿಕೆಯಲ್ಲಿ ಈ ಕಾಯಿಲೆ ಬಗ್ಗೆ ಓದಿ ಅವರೇ ಹೋಗಿ ಸ್ಕ್ಯಾನ್ ಮಾಡಿ ಅಂತ ಕೇಳಿದರು. ಪಾರ್ಕಿನ್ಸನ್ ಇತ್ತು. 2018ರಲ್ಲಿ ಟಿವಿಯಲ್ಲಿ ಹೇಳಿಕೊಂಡಾಗ ಗೊತ್ತಾಗಿ ಮೂರೂವರೆ ವರ್ಷ ಆಗಿತ್ತು. ಅಷ್ಟೂ ದಿನ ನಟನೆ, ಪಾಡ್‌ಕಾಸ್ಟ್, ಜೊತೆಗೆ ಬಾಕ್ಸಿಂಗ್ ಕ್ಲಾಸ್ ನಡೆದೇ ಇತ್ತು.

ಗೊತ್ತಾದದ್ದರಿಂದ ನಮಗೆ ತಕ್ಷಣ ಸಿಕ್ಕಿದ್ದು ಅಮ್ಮನ ಸುರಕ್ಷತೆ. ಡಾಕ್ಟರ್ ಮೊದಲು ತೆಗೆಸಿದ್ದು ದಿಂಬಿನ ಕೆಳಗಿನ ಅಡಕತ್ತರಿ. ಮಂಚದ ಪಕ್ಕದ ಹಿತ್ತಾಳೆ ಚೊಂಬು, ಟೇಬಲ್ಲು, ಗಾಜಿನ ಲೋಟ ಎಲ್ಲ ಆಚೆ ಹೋದವು. ಅಪ್ಪನ ಮಂಚ ತಗ್ಗಾಯ್ತು, ಕೆಳಗೆ ಹಾಸಿಗೆ ಹಾಸಿದ್ವಿ. ಮಲಗೋ ಮುಂಚೆ ಮೆಲಟೋನಿನ್ ಮಾತ್ರೆ ಶುರುವಾಯ್ತು. ಕೆಲವರಿಗೆ ಕ್ಲೊನಜೆಪಾಮ್ ಕೊಡ್ತಾರೆ, ಆದರೆ ವಯಸ್ಸಾದವರಿಗೆ ಅದರಿಂದ ಮಂಪರು ಬಂದು ಬೀಳೋ ಭಯ ಇದೆ. ಎರಡನ್ನೂ ಡಾಕ್ಟರ್ ಹೇಳದೆ ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ. ಇವು ಕನಸಿನ ಒದೆತ ಕಡಿಮೆ ಮಾಡ್ತವೆ, ಮುಂದಿನ ಕಾಯಿಲೆಯನ್ನು ತಡೆಯೋದಿಲ್ಲ.

ಅಪ್ಪ ಈಗ ದಿನಾ ಬೆಳಿಗ್ಗೆ ಬೆವರು ಬರೋ ಹಾಗೆ ಒಂದು ಗಂಟೆ ನಡೀತಾರೆ. ಈ ಹಂತದಲ್ಲಿ ವ್ಯಾಯಾಮ ಒಂದನ್ನೇ ಡಾಕ್ಟರ್ ಒತ್ತಿ ಒತ್ತಿ ಹೇಳಿದ್ದು. ವರ್ಷಕ್ಕೊಮ್ಮೆ ತಪಾಸಣೆ ಇದೆ. ಫೈಲಿನ ಮೊದಲ ಪುಟದಲ್ಲೇ ಆರ್‌ಬಿಡಿ ಅಂತ ಬರೆದಿಟ್ಟಿದ್ದೇವೆ. ಅದಕ್ಕೂ ಕಾರಣ ಇದೆ. ಲೂಯಿ ಬಾಡಿ ಡಿಮೆನ್ಶಿಯಾದಲ್ಲಿ ಇಲ್ಲದ್ದು ಕಣ್ಣಿಗೆ ಕಾಣೋದುಂಟು. ಆಗ ಗೊತ್ತಿಲ್ಲದೆ ಹ್ಯಾಲೊಪೆರಿಡಾಲ್‌ನಂಥ ಔಷಧಿ ಕೊಟ್ಟರೆ ರೋಗಿಯ ಸ್ಥಿತಿ ತೀರಾ ಹದಗೆಡಬಹುದು. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಇದು ಅವರ ಕಣ್ಣಿಗೆ ಬೀಳಬೇಕು.

ಪಕ್ಕದಲ್ಲಿ ಮಲಗಿದವರನ್ನು ಕೇಳಿ

ಈಗಲೇ ಹೆದರಿಕೊಂಡು ಗೂಗಲ್ ಮಾಡೋಕೆ ಹೋಗಬೇಡಿ. ನಿದ್ದೆಯಲ್ಲಿ ಒಂದೆರಡು ಮಾತಾಡೋದು, ಆಗಾಗ ಬೆಚ್ಚಿ ಬೀಳೋದು ಎಷ್ಟೋ ಜನರಿಗೆ ಇರುತ್ತೆ, ಅದು ಇದಲ್ಲ. ಅಲ್ಜೈಮರ್‌ಗೂ ಇದಕ್ಕೂ ಇಂಥ ನಂಟಿಲ್ಲ. ನಿಮ್ಮ ವಯಸ್ಸಿನವರಲ್ಲಿ ಆರ್‌ಬಿಡಿ ಅಪರೂಪ, ಬಂದರೂ ಕಾರಣ ಹೆಚ್ಚಾಗಿ ಬೇರೆ ಇರುತ್ತೆ. ಮಾತ್ರೆಯಿಂದ ಅನ್ನೋ ಅನುಮಾನ ಇದ್ದರೂ ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಆದರೆ ಅರವತ್ತು ದಾಟಿದವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇರುತ್ತೆ ಅಂತ ಅಂದಾಜು. ನಮ್ಮ ಕಡೆ ಇದು ಬೆಳಕಿಗೆ ಬಾರದಿರೋಕೆ ಕಾರಣ ಸರಳ. ಕಾಯಿಲೆ ಇರೋರಿಗೆ ಅದು ಗೊತ್ತಿರೋದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು. ಅವರು ಒಂದೋ ನಾಚಿಕೆಗೆ ಹೇಳೋದಿಲ್ಲ, ಇಲ್ಲವೇ ದಿಂಬು ಎತ್ತಿಕೊಂಡು ಇನ್ನೊಂದು ರೂಮಿಗೆ ಹೋಗಿರ್ತಾರೆ. ಆಮೇಲೆ ನೋಡೋರೇ ಇಲ್ಲ.

ಹಾಗಾಗಿ ನಿದ್ದೆ ಬಗ್ಗೆ ಅಪ್ಪನನ್ನಲ್ಲ, ಅಮ್ಮನನ್ನು ಕೇಳಿ. ಅಮ್ಮನಿಗೆ ಹೀಗಾಗ್ತಿದ್ದರೆ ಅಪ್ಪನನ್ನು ಕೇಳಿ. ನಿದ್ದೆಯಲ್ಲಿ ಕೈಕಾಲು ಬೀಸ್ತಾರಾ? ಮಂಚದಿಂದ ಬಿದ್ದಿದ್ದಾರಾ? ಎದ್ದ ಮೇಲೆ ಯಾರೋ ಅಟ್ಟಿಸಿಕೊಂಡು ಬಂದ ಕನಸು ಹೇಳ್ತಾರಾ? ಹೌದು ಅಂದರೆ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು ನ್ಯೂರಾಲಜಿಸ್ಟ್‌ಗೆ ತೋರಿಸಿ. ಕೂಗಾಡೋವಾಗ ಮೈ ಮುಟ್ಟಿ ಅಲುಗಿಸಬೇಡಿ, ದೂರದಿಂದ ಹೆಸರು ಹಿಡಿದು ಕರೆದರೆ ಸಾಕು.

ಕಾಯಿಲೆ ಹೆಸರು ಕೇಳಿದಾಗ ಅಪ್ಪ ಅಷ್ಟೇನೂ ಕುಗ್ಗಲಿಲ್ಲ. ಕುಗ್ಗಿದ್ದು ವಿಡಿಯೊ ನೋಡಿದ ದಿನ. ಎರಡು ಸಲ ನೋಡಿದರು. ಅಮ್ಮನ ಕೆನ್ನೆ ಕಡೆ ನೋಡಿದರು. “ಇಷ್ಟು ದಿನ ಯಾಕೇ ಹೇಳಲಿಲ್ಲ?”

“ಹೇಳಿದ್ರೆ ನೀವು ನಿದ್ದೆನೇ ಮಾಡ್ತಿರಲಿಲ್ಲ” ಅಂದಳು ಅಮ್ಮ.

ಬೇರೆ ರೂಮಲ್ಲಿ ಮಲಕ್ಕೋ ಅಂತ ಅಪ್ಪ ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. ಈಗ ಒಂದೇ ರೂಮಲ್ಲಿ ಎರಡು ಮಂಚ, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಒಂದು ವರ್ಷವಾಯ್ತು, ಅಪ್ಪನ ಕೈ ನಡುಗಿಲ್ಲ. ನಾಳೆ ಏನೋ, ನೋಡೋಣ.

ಮೊನ್ನೆ ಫೋನ್ ಮಾಡಿದಾಗ ಕೇಳಿದೆ, “ರಾತ್ರಿ ಹೇಗಿತ್ತಮ್ಮ?”

“ಒಂದ್ಸಲ ಕೂಗಿದ್ರು ಅಷ್ಟೇ. ಬಸ್ಸು ಮಂಗಳೂರು ಮುಟ್ಟಿತಂತೆ.”